ಅಕ್ಕ ಗಂಡನ ಮನೆ ಬಿಟ್ಟು ಬಂದಾಗ ತಂಗಿ ಮಾಡಬೇಕಾದ್ದೇನು? (ಕೆಲಸಕ್ಕೆ ಬರೋ ಮಾತು ಮಾತ್ರ)

ಕಾಫಿಪುಡಿ

ಅಕ್ಕ ಗಂಡನ ಮನೆಯಿಂದ ಬಂದು ತವರಲ್ಲೋ ತಂಗಿ ಮನೆಯಲ್ಲೋ ಇದ್ದಾಳೆ ಅಂತಿಟ್ಟುಕೊಳ್ಳಿ. ಕೇಸ್ ಹಾಕಿಲ್ಲ. ಹಾಕಬೇಕೋ, ರಾಜಿ ಆಗುತ್ತೋ, ಅದೂ ಗೊತ್ತಿಲ್ಲ. ಇತ್ಯರ್ಥ ಆಗೋಕೆ ವರ್ಷಗಳೇ ಹಿಡಿಯಬಹುದು. ಅಷ್ಟು ದಿನ ಒಡಹುಟ್ಟಿದವರು ಮಾಡಬೇಕಾದ ಕೆಲಸ ಯಾವುದು, ಅಕ್ಕರೆಯಿಂದ ಮಾಡಿ ಕೊನೆಗೆ ಅವಳಿಗೇ ತೊಂದರೆ ತರೋ ಕೆಲಸ ಯಾವುದು? ವಕೀಲರು ಕಕ್ಷಿದಾರಳಿಗೆ ಹೇಳ್ತಾರೆ, ಜೊತೆಗಿರೋ ತಂಗಿಗೆ ಯಾರೂ ಹೇಳಲ್ಲ. ಬೆಂಗಳೂರಿನ ಲೆಕ್ಕದಲ್ಲಿ ಬರೀರಿ. ಸ್ವಂತ ಕಥೆ, ಹೆಸರು, ಬಡಾವಣೆ ಹಾಕಬೇಡಿ.

ನ್ಯಾಯದೇಗುಲ_ಪಕ್ಕ

ಮೊದಲು ಜೀವ, ಆಮೇಲೆ ಕಾಗದ. ಹೊಡೆತ ಬಿದ್ದಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವೈದ್ಯರ ಹತ್ತಿರ "ಬಿದ್ದೆ" ಅನ್ನೋದು ಬೇಡ. ಗಾಯ ಹೇಗಾಯಿತೋ ಹಾಗೇ ದಾಖಲಾಗಬೇಕು. ನಾಲ್ಕು ದಿನ ಬಿಟ್ಟು ಹೋದರೆ ಬಾವು ಇಳಿದಿರುತ್ತೆ, ಚೀಟಿಯಲ್ಲಿ ಬರೆಯೋಕೆ ಏನೂ ಉಳಿದಿರಲ್ಲ. ತಕ್ಷಣದ ಅಪಾಯಕ್ಕೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವನಿತಾ ಸಹಾಯವಾಣಿ ಇದೆ. ಠಾಣೆ ಮೆಟ್ಟಿಲು ಹತ್ತೋಕೆ ಹಿಂಜರಿಯುವವರಿಗೆ ಅದು ಒಳ್ಳೆಯ ಮೊದಲ ಹೆಜ್ಜೆ.

ಆಮೇಲೆ ಒಂದು ಬಾಕ್ಸ್ ಫೈಲ್. ಈ ಫೈಲೇ ತಂಗಿಯ ನಿಜವಾದ ಕೆಲಸ. ಆಧಾರ್, ಪ್ಯಾನ್, ಮದುವೆ ಆಮಂತ್ರಣ ಪತ್ರಿಕೆ, ಮದುವೆ ನೋಂದಣಿ ಪ್ರಮಾಣಪತ್ರ, ಗಂಡ ಹೆಂಡತಿ ಇಬ್ಬರೂ ಇರುವ ಮದುವೆ ಫೋಟೋ, ಮಕ್ಕಳ ಜನನ ಪ್ರಮಾಣಪತ್ರ, ಶಾಲೆ ಫೀಸ್ ರಸೀದಿ, ಆಸ್ಪತ್ರೆ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ವಿಮೆ ಬಾಂಡ್, ಲಾಕರ್ ಒಪ್ಪಂದ, ಒಡವೆ ಬಿಲ್ಲು. ಮೂರು ಸೆಟ್ ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಕೂಡ ಇಡಿ. ವಕೀಲರ ಕೈಗೆ ಜೆರಾಕ್ಸ್ ಮಾತ್ರ. ಮೂಲ ಪ್ರತಿ ಕೋರ್ಟ್ ಕೇಳಿದ ದಿನ ಹೊರಬರಲಿ. ವಕೀಲರನ್ನು ಬದಲಿಸುವ ಪ್ರಸಂಗ ಬಂದಾಗ ಹಳೇ ಕಚೇರಿಯಿಂದ ಮೂಲ ಕಾಗದ ಬಿಡಿಸಿಕೊಳ್ಳೋದು ಎಷ್ಟು ಕಷ್ಟ ಅಂತ ಕೌಟುಂಬಿಕ ನ್ಯಾಯಾಲಯ ಇರೋ ನ್ಯಾಯದೇಗುಲದ ಆವರಣದಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ.

ಒಂದು ನೋಟ್‌ಬುಕ್‌ನಲ್ಲಿ ತಾರೀಖಿನ ಸಮೇತ ನಡೆದದ್ದನ್ನು ಬರೆಯಿರಿ. ಬರೆಯುವವಳು ಅಕ್ಕ ಆಗಿರಲಿ. ತಂಗಿ ತಾನು ಕಣ್ಣಾರೆ ಕಂಡದ್ದನ್ನು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳಲಿ. ಎರಡನ್ನೂ ಒಂದೇ ಕಡೆ ಬೆರೆಸಿದರೆ ಪಾಟಿ ಸವಾಲಿನಲ್ಲಿ "ಇದು ನೀವು ನೋಡಿದ್ದಾ, ನಿಮ್ಮ ಅಕ್ಕ ಹೇಳಿದ್ದಾ" ಅನ್ನೋ ಒಂದೇ ಪ್ರಶ್ನೆಗೆ ಸಾಕ್ಷಿ ತಡವರಿಸ್ತಾಳೆ.

ಹಳೇರೇಡಿಯೊ

ಫೋನ್ ವಿಷಯ ಯಾರೂ ಎತ್ತಲಿಲ್ಲ. ಎಷ್ಟೋ ಮನೆಗಳಲ್ಲಿ ಹೆಂಡತಿಯ ಸಿಮ್ ಗಂಡನ ಹೆಸರಲ್ಲಿರುತ್ತೆ. ಬ್ಯಾಂಕ್ ಒಟಿಪಿ, ಆಧಾರ್ ಒಟಿಪಿ ಎಲ್ಲ ಅದೇ ನಂಬರಿಗೆ. ಆತ ಒಂದು ದಿನ ಸಿಮ್ ಬ್ಲಾಕ್ ಮಾಡಿಸಿದರೆ ಅಕ್ಕನ ಬದುಕೇ ಲಾಕ್.

ಇದರಲ್ಲಿ ಯಾವುದು ಮೊದಲು ಅನ್ನೋದು ಮುಖ್ಯ. ಮೊದಲು ಅವಳದೇ ಆಧಾರ್ ಮೇಲೆ ಹೊಸ ಸಿಮ್. ಎರಡನೆಯದು, ಬ್ಯಾಂಕ್ ಶಾಖೆಗೇ ಹೋಗಿ ನೋಂದಾಯಿತ ನಂಬರ್ ಬದಲು. ಮೂರನೆಯದು, ಆಧಾರ್ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮೊಬೈಲ್ ನಂಬರ್ ಬದಲು. ಅದಕ್ಕೆ ವಿಳಾಸದ ದಾಖಲೆ ಬೇಕಿಲ್ಲ. ನಾಲ್ಕನೆಯದು ಇ-ಮೇಲ್. ಅದರಲ್ಲಿ ರಿಕವರಿ ನಂಬರ್ ಮೊದಲು, ಪಾಸ್‌ವರ್ಡ್ ಆಮೇಲೆ. ತಿರುಗುಮುರುಗಾದರೆ ಏನಾಗುತ್ತೆ ಅಂದ್ರೆ, ಹೊಸ ಪಾಸ್‌ವರ್ಡ್ ಹಾಕಿದ ಮೇಲೂ ಹಳೇ ನಂಬರಿಗೆ ಕೋಡ್ ತರಿಸಿಕೊಂಡು ಆತ ಮತ್ತೆ ಒಳಗೆ ಬರ್ತಾನೆ. ಕೊನೆಗೆ ವಾಟ್ಸಾಪ್‌ನಲ್ಲಿ "ಲಿಂಕ್ಡ್ ಡಿವೈಸಸ್" ತೆಗೆದು ಗೊತ್ತಿಲ್ಲದ ಲ್ಯಾಪ್‌ಟಾಪ್ ಇದ್ದರೆ ಲಾಗ್ ಔಟ್ ಮಾಡಿ. ಮ್ಯಾಪ್‌ನಲ್ಲಿ ಲೊಕೇಶನ್ ಹಂಚಿಕೆ ಆಫ್. ಅವಳು ಕಾರು ಓಡಿಸ್ತಾಳೆ ಅಂದ್ರೆ ಫಾಸ್ಟ್ಯಾಗ್ ಎಸ್ಸೆಮ್ಮೆಸ್ ಯಾರ ಫೋನಿಗೆ ಹೋಗುತ್ತೆ ನೋಡಿ. ನೆಲಮಂಗಲದ ಟೋಲ್ ದಾಟಿದ್ದು ಅವನಿಗೆ ಆ ಕ್ಷಣವೇ ಗೊತ್ತಾಗುತ್ತೆ.

ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಬೇಡಿ, ಮಾರಬೇಡಿ. ಸಂದೇಶಗಳು ಸಾಕ್ಷ್ಯ. ಸ್ಕ್ರೀನ್‌ಶಾಟ್ ಪ್ರಿಂಟ್ ಮಾತ್ರ ಕೊಟ್ಟರೆ ಆಗಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರವೂ ಬೇಕು, ಮೂಲ ಸಾಧನ ಕೈಯಲ್ಲಿರಬೇಕು. ಅಕ್ಕನ ಚಾಟ್‌ಗಳನ್ನು ತಂಗಿಯ ಫೋನಿಗೆ ಫಾರ್ವರ್ಡ್ ಮಾಡಿ ಅಕ್ಕನ ಫೋನಿಂದ ಅಳಿಸೋದು ಮಾಮೂಲಿ ಎಡವಟ್ಟು. ಫಾರ್ವರ್ಡ್ ಆದ ಸಂದೇಶದಲ್ಲಿ ಮೂಲ ಕಳಿಸಿದವರು ಯಾರು, ಯಾವಾಗ ಅನ್ನೋದೇ ಇರಲ್ಲ.

ಅರಳೀಕಟ್ಟೆ

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ ಹಿರಿಯರು. ಬಂದ ಮರುದಿನವೇ ಫೈಲ್, ಸಿಮ್, ಸಾಕ್ಷಿ ಅಂತ ಶುರು ಮಾಡಿದರೆ ಕೂಡುವ ಸಂಸಾರವೂ ಕೂಡಲ್ಲ. ತಂಗಿಯಾದವಳು ಮಧ್ಯೆ ಕೈ ಹಾಕದೇ ಇರೋದೇ ಲೇಸು.

ನ್ಯಾಯದೇಗುಲ_ಪಕ್ಕ

ಅರಳೀಕಟ್ಟೆ ಸರ್, ಫೈಲ್ ಮಾಡಿಟ್ಟರೆ ಸಂಸಾರ ಮುರಿಯಲ್ಲ. ರಾಜಿ ಆದರೆ ಅದೇ ಫೈಲ್ ಅಟ್ಟದ ಮೇಲೆ ಹೋಗುತ್ತೆ, ಅಷ್ಟೇ. ಇನ್ನು ಕೈ ಹಾಕೋ ವಿಷಯ. ಕಾನೂನೇ ಒಡಹುಟ್ಟಿದವಳಿಗೆ ಜಾಗ ಕೊಟ್ಟಿದೆ. ಗಂಡ, ಅವನ ಮನೆಯವರು ಹೆಂಡತಿಗೆ ಕೊಡೋ ಹಿಂಸೆಗೆ ಇದ್ದ ಹಿಂದಿನ 498-ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್, ಜುಲೈ 1, 2024ರಿಂದ ಜಾರಿ. ಆ ಅಪರಾಧದ ಮಾಹಿತಿಯನ್ನು ಠಾಣೆಗೆ ನೊಂದವಳೇ ಕೊಡಬೇಕೆಂದಿಲ್ಲ, ರಕ್ತಸಂಬಂಧಿಯೂ ಕೊಡಬಹುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಕೇಸ್ ಬರಲ್ಲ. ನಮ್ಮ ರಾಜ್ಯದಲ್ಲಿ ಆ ಅಧಿಕಾರಿ ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಸಿಡಿಪಿಒ. ಅವರು ದೌರ್ಜನ್ಯದ ವರದಿಯನ್ನು ನಮೂನೆ 1ರಲ್ಲಿ ಬರೆದುಕೊಳ್ತಾರೆ. ಮ್ಯಾಜಿಸ್ಟ್ರೇಟ್ ಮುಂದೆ 12ನೇ ಸೆಕ್ಷನ್ ಅರ್ಜಿಯನ್ನೂ ಅವಳ ಪರವಾಗಿ ಬೇರೆಯವರು ಸಲ್ಲಿಸಬಹುದು.

ಅಧಿಕಾರ ಇದೆ ಅಂತ ಅಕ್ಕನನ್ನು ಕೇಳದೆ ಬಳಸಬಾರದು. ಅಲ್ಲಿಗೆ ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. ಜೀವಾಪಾಯ ಇದ್ದಾಗಿನ ಮಾತು ಬೇರೆ. ಉಳಿದಂತೆ ತಂಗಿ ಓಡಿಹೋಗಿ ದೂರು ಕೊಟ್ಟು, ಅಕ್ಕ ಮರುವಾರ "ನಾನು ಹೇಳಿರಲಿಲ್ಲ" ಅಂದುಬಿಟ್ಟರೆ ಆಮೇಲೆ ನಿಜವಾಗಿ ಬೇಕಾದಾಗ ಕೊಡುವ ದೂರಿನ ತೂಕ ಹೋಗುತ್ತೆ.

ತೂಕದಬಟ್ಟು

ಒಡವೆ. ಇದರಲ್ಲಿ ಅಕ್ಕತಂಗಿಯರೇ ಮಾಡೋ ಒಂದು ಗೋಜಲು ಇದೆ, ಅದನ್ನ ಮೊದಲು ಬಿಡಿಸಬೇಕು. ಮದುವೆ ಮುಂಜಿಗೆ ಅಂತ ಒಬ್ಬರ ಸರ ಇನ್ನೊಬ್ಬರು ಹಾಕೋದು, ತಂಗಿಯ ಬಳೆ ಅಕ್ಕನ ಲಾಕರ್‌ನಲ್ಲಿ ಉಳಿಯೋದು, ಅಮ್ಮನ ಅಡ್ಡಿಕೆ ಇಬ್ಬರಿಗೂ ಸೇರಿದ್ದು ಅನ್ನೋದು. ಸ್ತ್ರೀಧನದ (ಹೆಣ್ಣಿಗೇ ಅಂತ ಕೊಟ್ಟ ಒಡವೆ, ವಸ್ತು) ಪಟ್ಟಿ ಬರೆಯುವಾಗ ಮನೆಯಲ್ಲಿ ಇದ್ದದ್ದನ್ನೆಲ್ಲ ಅಕ್ಕನ ಹೆಸರಿಗೆ ಸೇರಿಸಿಬಿಡ್ತಾರೆ. ಮದುವೆ ಫೋಟೋದಲ್ಲಿ ಅದೇ ಸರ ತಂಗಿಯ ಕೊರಳಲ್ಲಿ ಕಂಡರೆ ಎದುರು ವಕೀಲರು ಪಟ್ಟಿ ಪೂರ್ತಿ ಸುಳ್ಳು ಅಂತಾರೆ. ಒಂದು ಸಾಲು ತಪ್ಪಿದ್ದಕ್ಕೆ ಇಪ್ಪತ್ತು ಸಾಲು ಅನುಮಾನಕ್ಕೆ ಬೀಳುತ್ತೆ.

ಪಟ್ಟಿಯ ಒಂದು ಸಾಲು ಹೀಗಿರಬೇಕು: "ಮುತ್ತಿನ ಪದಕದ ಎರಡೆಳೆ ಸರ, ಒಟ್ಟು ತೂಕ 38.400 ಗ್ರಾಂ, ಮುತ್ತು ಕಲ್ಲು ಕಳೆದು 33.150 ಗ್ರಾಂ, ತಂದೆ ಕೊಟ್ಟಿದ್ದು, ಬಿಲ್ ಇದೆ, ಆಲ್ಬಂ 12ನೇ ಪುಟದಲ್ಲಿ ಕಾಣುತ್ತೆ, ಈಗ ಅತ್ತೆಯ ಬೀರುವಿನಲ್ಲಿ." ಯಾರು ಕೊಟ್ಟಿದ್ದು, ಈಗ ಯಾರ ವಶದಲ್ಲಿದೆ, ಈ ಎರಡು ಕಾಲಂ ಬಿಡಬೇಡಿ. ಸ್ತ್ರೀಧನ ಹೆಣ್ಣಿನದೇ, ಗಂಡನ ಮನೆಯವರು ಬರೀ ಇಟ್ಟುಕೊಂಡವರು ಅಂತ ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಹೇಳಿದೆ. ಆದರೆ ಏನಿತ್ತು ಅನ್ನೋದನ್ನ ತೋರಿಸಬೇಕಾದವಳು ಇವಳೇ. ಬಿಲ್ ಕಳೆದಿದ್ದರೆ ಕೊಂಡ ಅಂಗಡಿಯಲ್ಲಿ ನಕಲು ಕೇಳಿ. ಇತ್ತೀಚಿನ ಹಾಲ್‌ಮಾರ್ಕ್ ಒಡವೆಯಾದರೆ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಇರುತ್ತೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ವಿವರ ಬರುತ್ತೆ. ಅಜ್ಜಿ ಕಾಲದ ಒಡವೆಗೆ ಫೋಟೋ ಬಿಟ್ಟರೆ ಬೇರೆ ಗತಿ ಇಲ್ಲ. ನೆಂಟರ ಮನೆಯ ಮದುವೆ ಆಲ್ಬಂಗಳನ್ನು ತಿರುವಿ ಹಾಕಿ ಹುಡುಕೋ ತಾಳ್ಮೆ ವಕೀಲರಿಗಿಲ್ಲ, ತಂಗಿಗಿರುತ್ತೆ.

ಜಂಟಿ ಲಾಕರ್ ಆಗಿದ್ದರೆ ಒಬ್ಬಳೇ ಹೋಗಿ ತೆಗೆಯೋಕೆ ಅವಕಾಶ ಇದ್ದರೂ ತಂಗಿ ಒಳಗೆ ಹೋಗೋಕೆ ಆಗಲ್ಲ. ಲಾಕರ್ ರಿಜಿಸ್ಟರ್‌ನಲ್ಲಿ ಸಮಯ ದಾಖಲಾಗುತ್ತೆ. ತೆಗೆದ ತಕ್ಷಣ ಅಲ್ಲೇ ಫೋಟೋ ತೆಗೆದು, ತನ್ನದಷ್ಟೇ ತರಲಿ. ಗಂಡನ ಮನೆಯವರ ಒಡವೆ ಒಂದು ಮೂಗುತಿ ಬಂದರೂ ಕಥೆ ತಿರುಗಿಬಿಡುತ್ತೆ.

ಲೆಕ್ಕದಪುಸ್ತಕ

ದುಡ್ಡಿನ ವಿಷಯದಲ್ಲಿ ಅಕ್ಕತಂಗಿಯರ ಧಾರಾಳತನ ಕೇಸ್‌ಗೆ ತಿರುಗೇಟು ಕೊಡೋ ಜಾಗ ಇದು. ಸುಪ್ರೀಂ ಕೋರ್ಟಿನ 2020ರ ರಜನೀಶ್–ನೇಹಾ ತೀರ್ಪಿನ ನಂತರ ಜೀವನಾಂಶ ಕೇಳುವವರೂ ಕೊಡಬೇಕಾದವರೂ ಆಸ್ತಿ, ಸಾಲ, ಆದಾಯ, ಖರ್ಚಿನ ಪ್ರಮಾಣಪತ್ರ (ಅಫಿಡವಿಟ್) ಹಾಕಬೇಕು. ತಂಗಿ ಪ್ರತಿ ತಿಂಗಳು 5ನೇ ತಾರೀಖು 15,000 ಹಾಕ್ತಾ ಹೋದರೆ ಅಕ್ಕನ ಸ್ಟೇಟ್‌ಮೆಂಟ್‌ನಲ್ಲಿ ಅದು ಸಂಬಳದ ಹಾಗೇ ಕಾಣುತ್ತೆ. ಎದುರಿನವರು ಅದನ್ನೇ ಹಿಡಿದು "ಆದಾಯ ಇದೆ" ಅಂತಾರೆ.

ಹಾಗಂತ ನಗದು ಕೊಡಬೇಡಿ, ಅದಕ್ಕೆ ದಾಖಲೆಯೇ ಇರಲ್ಲ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯೋದಕ್ಕೆ ಆದಾಯ ತೆರಿಗೆ ಕಾನೂನೇ ಅಡ್ಡ. ಬ್ಯಾಂಕ್ ಮೂಲಕವೇ ಕಳಿಸಿ, ಷರಾ ಜಾಗದಲ್ಲಿ "ಸಾಲ – ಮನೆ ಅಡ್ವಾನ್ಸ್", "ಸಾಲ – ಶಾಲೆ ಫೀಸ್" ಅಂತ ಹಾಕಿ. ಒಂದು ಹಾಳೆಯಲ್ಲಿ ಇಬ್ಬರೂ ಸಹಿ ಮಾಡಿದ ಸಾಲದ ಒಪ್ಪಂದ ಇರಲಿ. ವಾಪಸ್ ಕೇಳ್ತೀರೋ ಇಲ್ವೋ ಅದು ನಿಮ್ಮಿಬ್ಬರ ಮಾತು. ಉಡುಗೊರೆ ಅಂತಲೇ ಕೊಡೋದಾದರೆ ಒಡಹುಟ್ಟಿದವರಿಂದ ಬಂದದ್ದಕ್ಕೆ ತೆರಿಗೆ ಇಲ್ಲ. ಅದನ್ನೂ ಒಂದು ಸಾಲಿನ ಪತ್ರದಲ್ಲಿ ಬರೆದಿಡಿ. ಶಾಲೆ ಫೀಸನ್ನು ತಂಗಿ ನೇರ ಶಾಲೆಗೆ ಕಟ್ಟಿದರೆ ರಸೀದಿಯಲ್ಲಿ ಕಟ್ಟಿದವರ ಹೆಸರು ಬರುವ ಹಾಗೆ ನೋಡಿಕೊಳ್ಳಿ.

ಜೀವನಾಂಶದ ಅರ್ಜಿ ಹಾಕೋದು ತಡ ಮಾಡಬೇಡಿ. "ತಂಗಿ ನೋಡ್ಕೊಳ್ತಿದ್ದಾಳಲ್ಲ" ಅಂತ ಒಂದು ವರ್ಷ ಕೂತರೆ ಆ ವರ್ಷದ್ದು ಕೈ ಬಿಟ್ಟ ಹಾಗೇ. ಅದೇ ತೀರ್ಪಿನ ಪ್ರಕಾರ ಜೀವನಾಂಶ ಲೆಕ್ಕ ಅರ್ಜಿ ಹಾಕಿದ ದಿನದಿಂದ, ಮನೆ ಬಿಟ್ಟ ದಿನದಿಂದ ಅಲ್ಲ.

ಕಾಫಿಪುಡಿ

ವಕೀಲರ ಫೀಸ್‌ಗೆ ತಂಗಿಯರು ಸಾಲ ಮಾಡೋದನ್ನ ಕೇಳಿದ್ದೀವಿ. ಉಚಿತ ನೆರವಿಗೆ ಆದಾಯದ ಮಿತಿ ಎಷ್ಟು?

ನ್ಯಾಯದೇಗುಲ_ಪಕ್ಕ

ಹೆಣ್ಣುಮಕ್ಕಳಿಗೆ ಮಿತಿಯೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಮಹಿಳೆಯರನ್ನು ಆದಾಯ ನೋಡದೆ ಸೇರಿಸಿದ್ದಾರೆ. ಸಿದ್ಧಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯ, ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ, ಮಧ್ಯಸ್ಥಿಕೆ ಕೇಂದ್ರ ಮೂರೂ ಒಂದೇ ಆವರಣದಲ್ಲಿವೆ. ಕೇಸ್ ದಾಖಲಾದ ಮೇಲೆ ಸಿಗುವ 16 ಅಂಕಿ ಅಕ್ಷರಗಳ ಸಿಎನ್‌ಆರ್ ಸಂಖ್ಯೆಯನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿಟ್ಟುಕೊಳ್ಳಿ. ಮುಂದಿನ ತಾರೀಖಿಗೆ ಪ್ರತಿ ಸಲ ವಕೀಲರಿಗೆ ಫೋನ್ ಮಾಡೋದು ತಪ್ಪುತ್ತೆ.

ಜೊತೆಗೆ ಹೋದ ತಂಗಿ ಗಮನಿಸಬೇಕಾದ್ದು: ಕೌನ್ಸೆಲಿಂಗ್ ಕೋಣೆಗೆ ಗಂಡ ಹೆಂಡತಿಯನ್ನಷ್ಟೇ ಕರೀತಾರೆ. ಹೊರಗೆ ಬೆಂಚಿನ ಮೇಲೆ ಅವನ ಅಮ್ಮನ ಜೊತೆ ಮಾತಿಗೆ ಮಾತು ಬೆಳೆಸಬೇಡಿ. ತಂಗಿಯೇ ಸಾಕ್ಷಿ ಆಗೋದಾದರೆ ತನ್ನ ಸರದಿಗೆ ಮೊದಲು ಬೇರೆಯವರ ಸಾಕ್ಷ್ಯ ನಡೆಯುವಾಗ ಹಾಲ್‌ನಲ್ಲಿ ಕೂರಬಾರದು.

ಗೇಟ್_ಬಾಗಿಲು

ಸಮನ್ಸ್ ಬಂದಾಗ ಏನು ಮಾಡಬೇಕು? "ಅವಳು ಇಲ್ಲಿಲ್ಲ" ಅಂದುಬಿಡೋದು ಒಳ್ಳೇದಲ್ವಾ?

ನ್ಯಾಯದೇಗುಲ_ಪಕ್ಕ

ಅಕ್ಕನಿಗೆ ಇದಕ್ಕಿಂತ ದೊಡ್ಡ ಅಪಕಾರ ಇಲ್ಲ. ಅಂಚೆಯವನು "ನಿರಾಕರಿಸಿದರು" ಅಂತ ಷರಾ ಬರೆದರೆ ಸಮನ್ಸ್ ತಲುಪಿದ ಹಾಗೇ ಲೆಕ್ಕ. ಆಮೇಲೆ ಏಕಪಕ್ಷೀಯವಾಗಿ ಆದೇಶ ಆಗುತ್ತೆ, ಅದನ್ನು ತೆಗೆಸೋಕೆ ಮತ್ತೊಂದು ಅರ್ಜಿ, ಮತ್ತಷ್ಟು ತಿಂಗಳು. ಮನೆಯಲ್ಲಿರೋ ಅಜ್ಜಿ, ಅಪಾರ್ಟ್‌ಮೆಂಟ್ ಸೆಕ್ಯುರಿಟಿ, ಎಲ್ಲರಿಗೂ ಹೇಳಿಡಿ: ಬಂದ ಲಕೋಟೆ ತಗೊಳ್ಳಿ, ತಾರೀಖು ಬರೆದಿಡಿ, ಅದೇ ದಿನ ಫೋಟೋ ಕಳಿಸಿ. ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮುದ್ರೆಯ ದಿನಾಂಕ ಅದರ ಮೇಲಿರುತ್ತೆ.

ಮೊರ_ಮಲ್ಲಿಗೆ

ಒಂದೇ ಮನೆಗೆ ಕೊಟ್ಟ ಅಕ್ಕತಂಗಿಯರ ವಿಷಯ ಯಾರಾದರೂ ಬರೀರಿ. ಅಣ್ಣನಿಗೆ ಅಕ್ಕ, ತಮ್ಮನಿಗೆ ತಂಗಿ. ಅಕ್ಕ ಮನೆ ಬಿಟ್ಟಿದ್ದಾಳೆ, ತಂಗಿ ಅದೇ ಮನೆಯಲ್ಲಿ ಸಂಸಾರ ಮಾಡ್ತಿದ್ದಾಳೆ. ಒಡಹುಟ್ಟಿದವಳೂ ಹೌದು, ವಾರಗಿತ್ತಿಯೂ ಹೌದು.

ತೂಕದಬಟ್ಟು

ಇದು ಎಲ್ಲಕ್ಕಿಂತ ಕಷ್ಟದ್ದು. ಆ ತಂಗಿಯಿಂದ ಮೂರು ಕೆಲಸ ಮಾಡಿಸಬೇಡಿ. ಬೀರುವಿನಿಂದ ಒಡವೆ ಕಾಗದ ತರಿಸೋದು, ಮನೆಯವರ ಮಾತು ಕದ್ದು ರೆಕಾರ್ಡ್ ಮಾಡಿಸೋದು, ಅಕ್ಕನ ಪರ ಸಾಕ್ಷಿ ಹೇಳಿಸೋದು. ಮೊದಲ ಎರಡರಲ್ಲಿ ಸಿಕ್ಕಿಬಿದ್ದರೆ ಅವಳ ಸಂಸಾರವೂ ಹೋಗುತ್ತೆ, ತಂದ ವಸ್ತುವಿನ ಮೇಲೆ ಕಳ್ಳತನದ ಮಾತೂ ಬರುತ್ತೆ. ಮೂರನೆಯದು ಪೂರ್ತಿ ಅವಳ ಇಚ್ಛೆ. ಆದರೆ ಅವತ್ತು ಸಂಜೆ ಅವಳು ವಾಪಸ್ ಹೋಗಬೇಕಾದ್ದು ಅದೇ ಮನೆಗೆ ಅನ್ನೋದು ನೆನಪಿರಲಿ. ಅವಳಿಗೆ ಬಾಯಿ ಬಿಡೋಕೆ ಆಗದ್ದನ್ನು "ನನ್ನ ಕಡೆ ಇಲ್ಲ" ಅಂತ ಅಕ್ಕ ಓದಿಕೊಂಡುಬಿಡ್ತಾಳೆ. ಎಷ್ಟೋ ಒಡಹುಟ್ಟಿದವರು ಮಾತು ಬಿಟ್ಟಿರೋದು ಈ ಒಂದು ತಪ್ಪು ಓದಿಗೆ.

ನ್ಯಾಯದೇಗುಲ_ಪಕ್ಕ

ಇದಕ್ಕೆ ಒಂದು ಕಾನೂನಿನ ಕೊಂಡಿ ಸೇರಿಸ್ತೀನಿ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಪ್ರತಿವಾದಿ ಅಂದರೆ "ವಯಸ್ಕ ಪುರುಷ" ಅಂತಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಆ ಎರಡು ಪದ ತೆಗೆದುಹಾಕಿತು, ಈಗ ಹೆಂಗಸರನ್ನೂ ಪ್ರತಿವಾದಿ ಮಾಡಬಹುದು. ಅರ್ಜಿ ಬರೆಯುವವರು ಪಡಿತರ ಚೀಟಿ ನೋಡಿ ಮನೆಯವರೆಲ್ಲರ ಹೆಸರು ತುಂಬಿಸಿದರೆ ಸ್ವಂತ ತಂಗಿಯೇ ಐದನೇ ಪ್ರತಿವಾದಿ ಆಗಿಬಿಡ್ತಾಳೆ. ಸಹಿ ಹಾಕುವ ಮುನ್ನ ಪ್ರತಿವಾದಿಗಳ ಪಟ್ಟಿ ಓದಿ. ಯಾರು ಏನು ಮಾಡಿದರು ಅಂತ ನಿರ್ದಿಷ್ಟವಾಗಿ ಹೇಳೋಕೆ ಆಗದವರ ಹೆಸರು ಇರಕೂಡದು. ಹಾಗೆ ಸಾರಾಸಗಟು ಎಲ್ಲರನ್ನೂ ಸೇರಿಸಿದ ಕ್ರಿಮಿನಲ್ ಕೇಸುಗಳನ್ನು ಮೇಲಿನ ಕೋರ್ಟ್‌ಗಳು ಗಂಡನ ಸಂಬಂಧಿಕರ ಮಟ್ಟಿಗೆ ರದ್ದು ಮಾಡುತ್ತಲೇ ಬಂದಿವೆ.

ಅರ್ಜಿಯಲ್ಲಿ ವಾಸದ ಹಕ್ಕು ಕೇಳುವಾಗಲೂ ಯೋಚನೆ ಮಾಡಿ. 17ನೇ ಸೆಕ್ಷನ್ ಪ್ರಕಾರ ಮನೆ ಬಿಟ್ಟು ಬಂದಿದ್ದರೂ ಹಂಚಿಕೊಂಡಿದ್ದ ಮನೆಯಲ್ಲಿ ಇರೋ ಹಕ್ಕು ಹೋಗಲ್ಲ. ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಅದು ಹಂಚಿಕೊಂಡ ಮನೆ ಆಗಬಹುದು ಅಂತ 2020ರ ಸತೀಶ್ ಚಂದರ್ ಅಹುಜಾ ತೀರ್ಪು. ಆದರೆ ತಂಗಿಯೂ ಅಲ್ಲೇ ಇರೋವಾಗ ಅದೇ ಮನೆಯ ಕೋಣೆಗೆ ಆದೇಶ ತರೋದಕ್ಕಿಂತ, 19ನೇ ಸೆಕ್ಷನ್‌ನಲ್ಲೇ ಇರುವ ಇನ್ನೊಂದು ದಾರಿ, ಬೇರೆ ಮನೆ ಅಥವಾ ಅದರ ಬಾಡಿಗೆ ಕೇಳೋದು, ಇಬ್ಬರಿಗೂ ಉಸಿರಾಡೋಕೆ ಜಾಗ ಕೊಡುತ್ತೆ.

ಮೊರ_ಮಲ್ಲಿಗೆ

ಹಾಗಾದರೆ ಆ ತಂಗಿ ಮಾಡಬಹುದಾದ್ದು ಏನೂ ಇಲ್ವಾ?

ತೂಕದಬಟ್ಟು

ಇದೆ. ಮಕ್ಕಳು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಬೇರೆ ಮನೆಗಳಲ್ಲಿದ್ದರೂ ಒಟ್ಟಿಗೆ ಆಡೋ ಹಾಗೆ ನೋಡಿಕೊಳ್ಳೋದು ಅವಳ ಕೈಲಿದೆ. ಅಜ್ಜಿ ತಾತನ ಮನೆಯಲ್ಲಿ ಭೇಟಿ ಇಟ್ಟುಕೊಳ್ಳಲಿ, ಗುಟ್ಟಾಗಿ ಬೇಡ. ಗಂಡನಿಗೆ ಹೇಳಿಯೇ ಹೋಗಲಿ. "ನಾನು ಕೇಸಿನ ಮಾತು ಈ ಮನೆಯಲ್ಲೂ ಆಡಲ್ಲ, ಆ ಮನೆಯಲ್ಲೂ ಆಡಲ್ಲ" ಅಂತ ಎರಡೂ ಕಡೆ ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾರೂ ಅವಳ ಬಾಯಿಂದ ಮಾತು ತೆಗೆಸೋಕೆ ಬರಲ್ಲ.

ಭಾವನ_ಸ್ಕೂಟರ್

ಷಡ್ಡಕರ ಬಗ್ಗೆ ಒಂದು ಮಾತು. ಅಕ್ಕನ ಗಂಡ, ತಂಗಿಯ ಗಂಡ ಚೆನ್ನಾಗಿಯೇ ಇರ್ತಾರೆ ಎಷ್ಟೋ ಸಲ. ರಾಜಿ ಮಾತಿಗೆ ಅವರೇ ಸರಿ, ಗಂಡಸರು ಗಂಡಸರು ಕೂತು ಬಗೆಹರಿಸ್ತಾರೆ.

ಲೆಕ್ಕದಪುಸ್ತಕ

ಒಪ್ಪಲ್ಲ ಸರ್. ಷಡ್ಡಕ ಸಲುಗೆಯಲ್ಲಿ "ಒಡವೆ ಅಷ್ಟು ಕೊಟ್ಟುಬಿಡಿ, ಜೀವನಾಂಶ ಕೇಳೋದು ಬೇಡ ಅಂತ ಹೇಳ್ತೀನಿ" ಅಂತ ವಾಟ್ಸಾಪ್ ಮಾಡಿದರೆ, ಅಕ್ಕನೇ ಒಪ್ಪಿದ್ದಳು ಅನ್ನೋ ಹಾಗೆ ಅದನ್ನು ತೋರಿಸ್ತಾರೆ. ಅವರ ಕೈಲಿ ಸಾಮಾನು ಸಾಗಾಟದ ಮಾತು ಇರಲಿ. ಮಗುವಿನ ಪುಸ್ತಕ, ಔಷಧಿ, ಯಾವಾಗ ಬಂದು ತಗೊಳ್ಳೋದು, ಅಷ್ಟೇ. ಹಣ, ಮಗು, ಮನೆ, ಈ ಮೂರರ ಮಾತು ಮಧ್ಯಸ್ಥಿಕೆ ಕೇಂದ್ರದಲ್ಲಿ ನಡೆಯಲಿ. ಅಲ್ಲಿ ಆಡಿದ ಮಾತು ಗೌಪ್ಯ, ನಾಳೆ ಕೋರ್ಟ್‌ನಲ್ಲಿ ಎತ್ತುವ ಹಾಗಿಲ್ಲ.

ಟಿಫನ್_ಕ್ಯಾರಿಯರ್

ಮಕ್ಕಳ ಬಗ್ಗೆ. ಶಾಲೆಗೆ ಅಕ್ಕನ ಸಹಿಯಲ್ಲಿ ಪತ್ರ ಕೊಟ್ಟು, ಕರೆದುಕೊಂಡು ಹೋಗೋಕೆ ಅಧಿಕಾರ ಇರುವವರಲ್ಲಿ ಚಿಕ್ಕಮ್ಮನ ಹೆಸರು, ಫೋಟೋ, ಗುರುತಿನ ಚೀಟಿ ಸೇರಿಸಿ. ಅಪ್ಪನ ಹೆಸರು ತೆಗೆಯಿರಿ ಅಂತ ಶಾಲೆಗೆ ಹೇಳಿದರೆ ಕೋರ್ಟ್ ಆದೇಶ ಇಲ್ಲದೆ ಅವರು ಮಾಡಲ್ಲ, ಮಾಡಬೇಕಾಗಿಯೂ ಇಲ್ಲ. ಶಾಲೆ ಬದಲಿಸೋದಾದರೆ ವರ್ಗಾವಣೆ ಪತ್ರದ ಜೊತೆ ಎಸ್‌ಎಟಿಎಸ್ ಸಂಖ್ಯೆ (ರಾಜ್ಯದ ಶಾಲಾ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಬರೆದುಕೊಳ್ಳಿ, ಹೊಸ ಶಾಲೆ ಮೊದಲು ಕೇಳೋದು ಅದನ್ನೇ.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಅಂತ 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆಯಲ್ಲಿದೆ. ಅದಕ್ಕಿಂತ ದೊಡ್ಡ ಮಗುವಿಗೆ ಅದರ ಹಿತವೇ ಅಳತೆ. ತಂಗಿಯ ಮನೆಯಲ್ಲಿ ಮಗು ಎಲ್ಲಿ ಮಲಗುತ್ತೆ, ಓದೋಕೆ ಮೇಜಿದೆಯಾ, ಮಧ್ಯಾಹ್ನ ಯಾರು ಇರ್ತಾರೆ, ಇದನ್ನೆಲ್ಲ ಕೋರ್ಟ್ ಕೇಳಬಹುದು. ಎರಡು ಕೋಣೆಯ ಮನೆಯಲ್ಲಿ ಏಳು ಜನ ಇದ್ದರೆ ಅದನ್ನು ಮುಚ್ಚಿಡಬೇಡಿ, ಹೇಗೆ ಹೊಂದಿಸಿಕೊಂಡಿದ್ದೀರಿ ಅನ್ನೋದನ್ನ ಹೇಳಿ.

ಭೇಟಿಯ ದಿನ ಮಗುವನ್ನು ಒಪ್ಪಿಸೋಕೆ ಚಿಕ್ಕಮ್ಮ ಹೋಗೋದು ಒಳ್ಳೇದು, ಗಂಡ ಹೆಂಡತಿ ಎದುರುಬದುರು ನಿಂತು ಜಗಳ ಆಗೋದು ತಪ್ಪುತ್ತೆ. ಹೋದ ಸಮಯ, ಬಂದ ಸಮಯ ಬರೆದಿಡಿ. ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಔಷಧಿ ಇದ್ದರೆ ಎಷ್ಟು ಹೊತ್ತಿಗೆ ಎಷ್ಟು ಅನ್ನೋ ಚೀಟಿ. ಮಗುವಿನ ಬಾಯಲ್ಲಿ ಸಂದೇಶ ಕಳಿಸಬೇಡಿ. ಬಂದ ಮೇಲೆ "ಅಪ್ಪ ಏನಂದ್ರು, ಮನೆಗೆ ಯಾರು ಬಂದಿದ್ರು" ಅಂತ ಕೂರಿಸಿಕೊಂಡು ಕೇಳೋದು ಅಜ್ಜಿಯರ ಚಾಳಿ. ನಾಳೆ ನ್ಯಾಯಾಧೀಶರು ಮಗುವನ್ನು ಒಳಗೆ ಕರೆದು ಮಾತಾಡಿಸಿದಾಗ ಅದು ಅದನ್ನೇ ಹೇಳುತ್ತೆ.

ಮೊರ_ಮಲ್ಲಿಗೆ

ಸಣ್ಣ ಪ್ರಶ್ನೆ, ಆದರೆ ಮನೆಮನೆಯಲ್ಲಿ ಏಳೋದು. ಗೌರಿ ಹಬ್ಬಕ್ಕೆ ತವರಿನ ಬಾಗಿನ ಗಂಡನ ಮನೆಗೇ ಹೋಗಬೇಕು ಅಂತಾರೆ. ಬೇರೆ ಇರೋ ಅಕ್ಕನಿಗೆ?

ಟಿಫನ್_ಕ್ಯಾರಿಯರ್

ಬಾಗಿನ ತವರಿಂದ ಮಗಳಿಗೆ ಮೇಡಂ, ಮನೆ ವಿಳಾಸಕ್ಕಲ್ಲ. ವಿಚ್ಛೇದನದ ಡಿಕ್ರಿ ಆಗೋವರೆಗೆ ಮದುವೆಯೂ ಇದ್ದೇ ಇರುತ್ತೆ, ನೆಂಟರು ಕೇಳಿದರೆ ಅಷ್ಟು ಹೇಳಿ. ಎಲ್ಲ ಹೆಣ್ಣುಮಕ್ಕಳಿಗೂ ಒಂದೇ ಥರ ಕಟ್ಟಿ: ಜೋಡಿ ಮೊರ, ಅರಿಶಿನ, ಕುಂಕುಮ, ಬಳೆ, ಕರಿಮಣಿ, ಬಾಚಣಿಗೆ, ಕನ್ನಡಿ, ರವಿಕೆ ಕಣ, ತೆಂಗಿನಕಾಯಿ, ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ, ಅಚ್ಚುಬೆಲ್ಲ. ಅಕ್ಕನ ಮೊರದಲ್ಲಿ ಕರಿಮಣಿ ಬಿಡೋಣವಾ ಅಂತ ಯಾರೋ ಒಬ್ಬರು ಪಿಸುಗುಡ್ತಾರೆ. ಏನೂ ಬಿಡಬೇಡಿ. ತೆಗೆದುಕೊಳ್ಳೋದು ಬಿಡೋದು ಅವಳಿಷ್ಟ.

ಲೆಕ್ಕದಪುಸ್ತಕ

ನಾಮಿನಿ ವಿಷಯ ಉಳಿದಿದೆ. ಬೇರೆ ಬಂದ ತಕ್ಷಣ ಎಲ್ಲ ಕಡೆ ಗಂಡನ ಹೆಸರು ತೆಗೆದು ತಂಗಿಯ ಹೆಸರು ಹಾಕಿಬಿಡೋಣ ಅಂತ ಹೊರಡ್ತಾರೆ. ಬ್ಯಾಂಕ್ ಖಾತೆಗೆ ಆಗುತ್ತೆ. ಪಿಎಫ್‌ಗೆ ಆಗಲ್ಲ. 1952ರ ಇಪಿಎಫ್ ಯೋಜನೆಯಲ್ಲಿ ಮದುವೆಯಾದ ಹೆಣ್ಣಿನ "ಕುಟುಂಬ" ಅಂದರೆ ಗಂಡ, ಮಕ್ಕಳು, ಅವಳನ್ನೇ ಅವಲಂಬಿಸಿದ ತಂದೆತಾಯಿ, ಅಂಥವರೇ. ಒಡಹುಟ್ಟಿದವರು ಅದರಲ್ಲಿಲ್ಲ. ಆದರೆ ಗಂಡನನ್ನು ಕುಟುಂಬದಿಂದ ಹೊರಗಿಡುತ್ತೇನೆ ಅಂತ ಪಿಎಫ್ ಕಮಿಷನರ್‌ಗೆ ಲಿಖಿತವಾಗಿ ತಿಳಿಸೋ ಅವಕಾಶ ಹೆಣ್ಣಿಗೆ ಇದೆ. ಹಾಗೆ ತಿಳಿಸಿದರೆ ಅವನೂ ಅವನ ತಂದೆತಾಯಿಯೂ ಹೊರಗೆ. ಕಂಪನಿಯ ಎಚ್‌ಆರ್‌ಗಳಲ್ಲಿ ಬಹಳ ಮಂದಿಗೆ ಈ ಅಂಶ ಗೊತ್ತಿರಲ್ಲ.

ಇನ್ನೊಂದು, ನಾಮಿನಿ ಅಂದ ಮಾತ್ರಕ್ಕೆ ವಾರಸುದಾರಳಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ವಿಲ್ ಬರೆಯದೆ ತೀರಿಕೊಂಡ ಹೆಣ್ಣಿನ ಸ್ವಂತ ದುಡಿಮೆಯ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವಳ ಅಪ್ಪ ಅಮ್ಮ ಬರೋದು ಅದಾದ ಮೇಲೆ, ಅಕ್ಕತಂಗಿಯರು ಇನ್ನೂ ಆಮೇಲೆ. ಹತ್ತು ವರ್ಷ ಬೇರೆ ಇದ್ದರೂ ಡಿಕ್ರಿ ಇಲ್ಲದಿದ್ದರೆ ಇದೇ ಲೆಕ್ಕ. ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯ ಅಲ್ಲ. ಬಿಳಿ ಹಾಳೆ, ಸಹಿ, ಅವಳು ಸಹಿ ಹಾಕಿದ್ದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಸಾಕು. ಆಸ್ತಿ ಪಡೆಯುವ ತಂಗಿಯೇ ಸಾಕ್ಷಿ ಹಾಕೋದು ಬೇಡ, ಬರೆಸಿಕೊಂಡಳು ಅನ್ನೋ ಮಾತು ಬರುತ್ತೆ. ನೆರೆಮನೆಯ ಇಬ್ಬರನ್ನು ಕರೀರಿ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರಾದರೆ ಇನ್ನೂ ಒಳ್ಳೇದು.

ಗೇಟ್_ಬಾಗಿಲು

ತವರಿನ ಆಸ್ತಿಗೆ ಹಕ್ಕು ಬಿಡುಗಡೆ ಪತ್ರ ಹಾಕಿಸಿಕೊಳ್ಳೋದು ಇದೇ ಸಮಯದಲ್ಲಿ ಅಲ್ವಾ? "ನಿನ್ನನ್ನ ಸಾಕ್ತಿದ್ದೀವಿ, ಸಹಿ ಹಾಕು" ಅಂತ.

ನ್ಯಾಯದೇಗುಲ_ಪಕ್ಕ

ಹೌದು, ಅಕ್ಕತಂಗಿಯರ ಒಗ್ಗಟ್ಟು ನಿಜಕ್ಕೂ ಬೇಕಾಗೋದು ಅಲ್ಲಿ. 2005ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಪಾಲು, ಮದುವೆ ಆಗಿದ್ದರೂ. ಮೂರು ಜನ ಅಕ್ಕತಂಗಿಯರಲ್ಲಿ ಇಬ್ಬರು ಅಣ್ಣನ ಮಾತಿಗೆ ಸಹಿ ಹಾಕಿಬಿಟ್ಟರೆ ಮೂರನೆಯವಳ ಮೇಲೆ ಒತ್ತಡ ತಡೆಯೋಕಾಗಲ್ಲ. ಕೇಸ್ ಮುಗಿಯೋವರೆಗೆ ಯಾರೂ ಸಹಿ ಹಾಕಲ್ಲ ಅಂತ ಮೂವರೂ ಒಂದೇ ಮಾತು ಹೇಳಬೇಕು. ಅಣ್ಣನ ಹತ್ತಿರ ಜಗಳ ಬೇಡ, "ಜೀವನಾಂಶದ ಪ್ರಮಾಣಪತ್ರದಲ್ಲಿ ಆಸ್ತಿ ತೋರಿಸಬೇಕು, ಈಗ ಕೈ ಬದಲಾದರೆ ಕೋರ್ಟ್ ಕೇಳುತ್ತೆ" ಅಂದರೆ ಸಾಕು, ಅದು ಸುಳ್ಳೂ ಅಲ್ಲ.

ಕಾಫಿಪುಡಿ

ಕೊನೇದು ಎರಡು. ಇಬ್ಬರೂ ಒಪ್ಪಿ ಬೇರೆಯಾದರೆ ಎಷ್ಟು ದಿನ? ಮಗುವಿನ ಪಾಸ್‌ಪೋರ್ಟ್‌ಗೆ ಅಪ್ಪನ ಸಹಿ ಇಲ್ಲದೆ ಆಗುತ್ತಾ? ಹೊರದೇಶದಲ್ಲಿರೋ ತಂಗಿ ರಜಕ್ಕೆ ಕರೆಸಿಕೊಳ್ಳೋದಾದರೆ ಅಂತ ಕೇಳ್ತಿದ್ದೀನಿ.

ನ್ಯಾಯದೇಗುಲ_ಪಕ್ಕ

ಹಿಂದೂ ವಿವಾಹ ಕಾಯ್ದೆ 13-ಬಿ ಪ್ರಕಾರ ಅರ್ಜಿ ಹಾಕೋಕೆ ಮೊದಲು ಒಂದು ವರ್ಷ ಬೇರೆ ಇರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಹೇಳಬೇಕು. ಆ ಆರು ತಿಂಗಳನ್ನು ಮನ್ನಾ ಮಾಡಬಹುದು ಅಂತ 2017ರ ಅಮರದೀಪ್ ಸಿಂಗ್ ತೀರ್ಪಿನಲ್ಲಿದೆ. ಅದಕ್ಕೆ ಅರ್ಜಿ ಹಾಕುವ ಹೊತ್ತಿಗೇ ಒಂದೂವರೆ ವರ್ಷ ಬೇರೆ ಇದ್ದು, ಮಗು, ಜೀವನಾಂಶ ಎಲ್ಲ ಇತ್ಯರ್ಥ ಆಗಿರಬೇಕು. ಬೇರೆ ಬಂದ ದಿನಾಂಕ ತೋರಿಸೋ ಒಂದು ಕಾಗದ, ಅವಳದೇ ಹೆಸರಿನ ಬಾಡಿಗೆ ಕರಾರು ಅಥವಾ ಹೊಸ ವಿಳಾಸಕ್ಕೆ ಬಂದ ಒಂದು ಪತ್ರ, ಆ ಬಾಕ್ಸ್ ಫೈಲ್‌ನಲ್ಲಿರಲಿ.

ಪಾಸ್‌ಪೋರ್ಟ್ ಆಗುತ್ತೆ. ಇಬ್ಬರೂ ಸಹಿ ಮಾಡೋದಾದರೆ ಅನುಬಂಧ ಡಿ, ಒಬ್ಬರ ಒಪ್ಪಿಗೆ ಸಿಗದಿದ್ದರೆ ಅನುಬಂಧ ಸಿ. ಯಾಕೆ ಸಿಗಲಿಲ್ಲ, ಕೇಸ್ ಇದೆಯೇ ಅನ್ನೋದನ್ನ ಅದರಲ್ಲಿ ನಿಜವಾಗಿ ಬರೆಯಬೇಕು. ಪಾಲನೆಯ ಕೇಸ್ ನಡೀತಿದ್ದರೆ ಪಾಸ್‌ಪೋರ್ಟ್ ಕೈಗೆ ಬಂತು ಅಂತ ಟಿಕೆಟ್ ಮಾಡಿಸಬೇಡಿ, ಮಗುವನ್ನು ಹೊರಗೆ ಕರೆದೊಯ್ಯೋಕೆ ಅದೇ ಕೋರ್ಟ್‌ನ ಅನುಮತಿ ತಗೊಳ್ಳಿ. ಹೋಗೋ ತಾರೀಖು, ಬರೋ ತಾರೀಖು, ಚಿಕ್ಕಮ್ಮನ ವಿಳಾಸ, ಹಿಂತಿರುಗೋ ಟಿಕೆಟ್‌ನ ಪ್ರತಿ ಅರ್ಜಿಯ ಜೊತೆಗಿರಲಿ. ಬೇಸಿಗೆ ರಜದಲ್ಲಿ ಕೋರ್ಟಿಗೂ ರಜ ಇರುತ್ತೆ, ಹಾಗಾಗಿ ಅರ್ಜಿ ಫೆಬ್ರವರಿಯಲ್ಲೇ ಹಾಕಿ.